ವಾರ್‌ಗೇಮ್ (ಮೇಜಿನ ಮೇಲೆ ಪುಟ್ಟ ಸೈನ್ಯಗಳನ್ನಿಟ್ಟು ದಾಳ ಉರುಳಿಸಿ ಆಡುವ ಯುದ್ಧದಾಟ) ನಿಯಮಪುಸ್ತಕದ ಹಿನ್ನೆಲೆ ಕಥೆ ಚೆನ್ನಾಗಿದೆಯೇ ಎಂದು ತಿಳಿಯುವುದು ಹೇಗೆ?
ಆಟಗಾರನಿಗೆ ಎಷ್ಟು ಜಾಗ ಬಿಟ್ಟಿದ್ದಾರೆ ಎಂದು ಮೊದಲು ನೋಡಿ. 1987ರಲ್ಲಿ ಶುರುವಾದ ವಾರ್‌ಹ್ಯಾಮರ್ 40,000 ಇದರಲ್ಲಿ ಗೆದ್ದಿದೆ. ಅದರ ಕಥೆಯಲ್ಲಿ ಸ್ಪೇಸ್ ಮರೀನ್ ಎಂಬ ಮಹಾಯೋಧರ ಚಾಪ್ಟರ್‌ಗಳು, ಅಂದರೆ ಪಡೆಗಳು, ಸುಮಾರು 1,000. ಪುಸ್ತಕಗಳು ವಿವರಿಸುವುದು ಕೆಲವನ್ನಷ್ಟೇ. ಹಾಗಾಗಿ ಹೆಸರು, ಬಣ್ಣ, ಚರಿತ್ರೆ ಎಲ್ಲವನ್ನೂ ನೀವೇ ಕಟ್ಟಿಕೊಳ್ಳಬಹುದು. ಈ ಚಾಪ್ಟರ್‌ಗಳಿಗೂ ಮೊದಲಿದ್ದ ಮೂಲ 20 ಲೀಜನ್‌ಗಳಲ್ಲಿ (ಬೃಹತ್ ಸೈನ್ಯಗಳಲ್ಲಿ) 2 ಮತ್ತು 11ನೆಯವುಗಳ ದಾಖಲೆಯನ್ನೇ ಅಳಿಸಿಟ್ಟಿದ್ದಾರೆ. ಎಷ್ಟು ಪುಟ ಬರೆದರೂ ಆ ಖಾಲಿತನದ ಸೆಳೆತ ಹುಟ್ಟುತ್ತಿರಲಿಲ್ಲ.

ಎಡವುವುದು ಹೆಚ್ಚಾಗಿ ದಾಳ ಉರುಳಿದಾಗ. ಕಥೆಯಲ್ಲಿ ಒಬ್ಬನೇ ಸೈನ್ಯ ತಡೆಯುವ ಯೋಧ, ಮೇಜಿನ ಮೇಲೆ ಮೊದಲ ಸುತ್ತಿಗೇ ಬಿದ್ದರೆ ಓದಿದ್ದೆಲ್ಲ ಸುಳ್ಳೆನಿಸುತ್ತದೆ. ಕೊಳ್ಳುವ ಮುನ್ನ ಒಂದು ಘಟಕದ ವರ್ಣನೆಯನ್ನೂ ಆಟದಲ್ಲಿ ಅದರ ಬಲ ಹೇಳುವ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ಓದಿ. ಪುಸ್ತಕದಲ್ಲಿ ರಾಜವಂಶದ ಇಸವಿಗಳೇ ತುಂಬಿದ್ದು, ಯಾರು ಯಾಕೆ ಹೋರಾಡುತ್ತಿದ್ದಾರೆ ಎಂಬುದೇ ಇಲ್ಲದಿದ್ದರೆ ಬಿಟ್ಟುಬಿಡಿ. ಅದರಿಂದ ಒಂದು ಕದನವನ್ನೂ ಹೆಣೆಯಲಾಗದು.