ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದ ಮೇಲೆ ಅಕ್ಕ ಮಂಕಾಗಿದ್ದಾರೆ: ಟಮಾಕ್ಸಿಫೆನ್ ಜೊತೆ ಖಿನ್ನತೆಯ ಮಾತ್ರೆ ಕೊಡಿಸಬಹುದೇ?

ಖಂಡಿತ ಕೊಡಿಸಬಹುದು, ಆದರೆ ಸ್ತನ ಕ್ಯಾನ್ಸರ್ ಮರುಕಳಿಸದಂತೆ ಕೊಡುವ ಟಮಾಕ್ಸಿಫೆನ್ ಮಾತ್ರೆಯ ಜೊತೆಗೆ ಖಿನ್ನತೆಯ ಯಾವ ಮಾತ್ರೆ ಎಂಬುದು ಇಲ್ಲಿ ಬಹಳ ಮುಖ್ಯವಾಗುತ್ತದೆ. ನಾನು ಕ್ಯಾನ್ಸರ್ ವಿಭಾಗದಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ವರದಿಗಳೆಲ್ಲ ಚೆನ್ನಾಗಿದ್ದರೂ ನಿಮ್ಮ ಅಕ್ಕ ಯಾರೊಂದಿಗೂ ಬೆರೆಯುತ್ತಿಲ್ಲ ಎಂದು ಬರೆದಿದ್ದೀರಿ. ಇದು ನನಗೆ ತೀರಾ ಪರಿಚಿತವಾದ ಸ್ಥಿತಿ. ಕೀಮೋ ನಡೆಯುವಷ್ಟು ದಿನ ಮುಂದಿನ ತಾರೀಖು, ರಕ್ತಪರೀಕ್ಷೆ, ಜೊತೆಗೆ ಬರುವವರು ಎಂದು ಮನಸ್ಸಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತದೆ. ಅದು ಮುಗಿದು ನೆಂಟರು ತಮ್ಮ ಊರುಗಳಿಗೆ ಮರಳಿದ ಮೇಲೆ, ರೋಗ ಮರುಕಳಿಸೀತೆಂಬ ಭಯ, ಬದಲಾದ ದೇಹ, ಚಿಕ್ಕ ವಯಸ್ಸಿನವರಾದರೆ ಅಕಾಲದಲ್ಲಿ ನಿಂತ ಮುಟ್ಟು, ಇವನ್ನೆಲ್ಲ ಆಕೆ ಒಬ್ಬರೇ ಎದುರಿಸಬೇಕಾಗುತ್ತದೆ.

ಆಯಾಸ, ನಿದ್ರಾಹೀನತೆ, ಹಸಿವಿಲ್ಲದಿರುವುದು ಚಿಕಿತ್ಸೆಯಿಂದಲೂ ಬರುವುದರಿಂದ ಅವುಗಳಿಂದಲೇ ಖಿನ್ನತೆಯೆಂದು ಹೇಳಲಾಗದು. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಯನ್ನೂ ಪರೀಕ್ಷಿಸಬೇಕು. ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ‘ನಾನು ಎಲ್ಲರಿಗೂ ಹೊರೆ’ ಎಂಬ ಭಾವನೆ, ಮುಂದೇನೂ ಇಲ್ಲವೆಂಬ ನಿರಾಶೆ ಎರಡು ವಾರಕ್ಕೂ ಮೀರಿ ದಿನವಿಡೀ ಕಾಡಿದರೆ ಮನೋವೈದ್ಯರನ್ನು ಕಾಣಲೇಬೇಕು.

ಹಾಗೆ ಹೋದಾಗ ಈಗಿನ ಮಾತ್ರೆಗಳ ಚೀಟಿಯನ್ನು ತಪ್ಪದೆ ತೋರಿಸಿ. ಟಮಾಕ್ಸಿಫೆನ್ ಪೂರ್ಣವಾಗಿ ಕೆಲಸ ಮಾಡಬೇಕಾದರೆ ಅದು ಯಕೃತ್ತಿನಲ್ಲಿ ಸಿವೈಪಿ2ಡಿ6 ಎಂಬ ಕಿಣ್ವದ ನೆರವಿನಿಂದ ಎಂಡಾಕ್ಸಿಫೆನ್ ಆಗಿ ಮಾರ್ಪಡಬೇಕು. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್ ಮತ್ತು ಫ್ಲುಆಕ್ಸೆಟಿನ್ ಈ ಕಿಣ್ವವನ್ನು ಬಲವಾಗಿ ತಡೆಯುತ್ತವೆ. ಆದ್ದರಿಂದ ಸಾಮಾನ್ಯವಾಗಿ ವೈದ್ಯರು ಅವೆರಡನ್ನು ಬಿಟ್ಟು ಬೇರೆಯದನ್ನು ಆರಿಸುತ್ತಾರೆ. ಖಿನ್ನತೆಯದೇ ಇನ್ನೊಂದು ಮಾತ್ರೆಯಾದ ವೆನ್ಲಫ್ಯಾಕ್ಸಿನ್ ಈ ಕಿಣ್ವವನ್ನು ಅಷ್ಟಾಗಿ ತಡೆಯುವುದಿಲ್ಲ, ಜೊತೆಗೆ ಟಮಾಕ್ಸಿಫೆನ್‌ನಿಂದ ಮೈ ಬಿಸಿಯೇರಿ ಬೆವರುವುದನ್ನೂ ತಗ್ಗಿಸುತ್ತದೆ. ಪರಿಣಾಮ ಕಾಣಲು ಕೆಲವು ವಾರಗಳು ಬೇಕಾಗುವುದರಿಂದ ಅವಸರಪಟ್ಟು ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ‘ಚಿಂತೆ ಮಾಡಿದರೆ ಕಾಯಿಲೆ ಮತ್ತೆ ಬರುತ್ತದೆ, ಧೈರ್ಯವಾಗಿರು’ ಎಂದು ಮನೆಯವರು ಒಳ್ಳೆಯದಕ್ಕೇ ಹೇಳುತ್ತಾರೆ. ಆದರೆ ದುಃಖಪಟ್ಟ ಮಾತ್ರಕ್ಕೆ ಕ್ಯಾನ್ಸರ್ ಮರಳುತ್ತದೆ ಎನ್ನಲು ದೃಢವಾದ ಆಧಾರವಿಲ್ಲ, ಆ ಮಾತನ್ನು ಕೇಳಿದ ಹೆಂಗಸರು ಅಳುವುದಕ್ಕೂ ಹೆದರುವುದನ್ನು ನಾನು ಕಂಡಿದ್ದೇನೆ. ಅಕ್ಕ ಅತ್ತರೆ ಅಳಲಿ, ನೀವು ಪಕ್ಕದಲ್ಲಿರಿ. ಸಂಜೆ ಜೊತೆಯಲ್ಲಿ ಸ್ವಲ್ಪ ದೂರ ನಡೆಯಿರಿ, ನಡಿಗೆಯಿಂದ ಆಯಾಸವೂ ಕಡಿಮೆಯಾಗುತ್ತದೆ. ಆಸ್ಪತ್ರೆಗೆ ಬರಲು ಅವರು ಹಿಂಜರಿದರೆ, 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಬದುಕುವುದೇ ಬೇಡವೆಂಬ ಮಾತೇನಾದರೂ ಅವರ ಬಾಯಿಂದ ಬಂದರೆ ಮಾತ್ರ ಕಾಯಬೇಡಿ, ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.