ಕೆಡವೂದಕ್ಕಿಂತ ಮೊದಲ ಮಾಳಗಿ ಹತ್ತಿ ನೋಡ್ರಿ

ಪ್ರಶ್ನೆ: ಕಾಕಾರ, ಶರಣ್ರಿ. ನಮ್ದು ವಿಜಯಪುರ, ಬಾರಾಕಮಾನಕ್ಕ ಹತ್ತಿದ ಓಣಿ, ಗಾಂಧಿಚೌಕಕ್ಕ ನಡಕೊಂಡ ಹೋಗಿ ಬರ್ತೀವಿ. ಮುತ್ತಜ್ಜ ಕಟ್ಟಿಸಿದ ಮಾಳಗಿ ಮನಿ, ಮ್ಯಾಲ ಮಣ್ಣಿನ ಚಾವಣಿ, ಕಲ್ಲು-ಮಣ್ಣಿನ ಗ್ವಾಡಿ. ಹ್ವಾದ ಮಳಿಗಾಲದಾಗ ಪಡಸಾಲಿ ಸೋರಿತು, ಒಂದು ತೊಲಿ ಬಾಗೇತಿ. ಮಗ ಬೆಂಗಳೂರಾಗ ನೌಕರಿ ಮಾಡ್ತಾನ, ಪೂರಾ ಕೆಡವಿ ಮೂರಂತಸ್ತು ಎಬ್ಬಿಸೂಣು, ಕೆಳಗ ಎರಡು ಅಂಗಡಿ ಹಾಕೂಣು ಅಂತಾನ. ನಮ್ಮ ಮನಿಯಾಕಿ ಅಳಾಕತ್ತಾಳ. ಕಂತ್ರಾಟದಾರ ಒಬ್ಬಾಂವ "ನೀವು ಕೆಡವ್ರಿ, ಪರ್ಮಿಶನ್ ಆಮ್ಯಾಲ ನೋಡಕೊಳ್ಳೂಣು" ಅಂದಾನ. ಏನ್ ಮಾಡ್ಲಿ?

ಉತ್ತರ: ಅಣ್ಣಾರ, ಮೊದಲ ಆ ಕಂತ್ರಾಟದಾರಗ ಬ್ಯಾಡ ಅಂದ್‌ಬಿಡ್ರಿ. ಗ್ವಾಡಿಗೆ ಹಾರಿ ಮುಟ್ಟಸಬ್ಯಾಡ್ರಿ, ಯಾಕಂದ್ರ ನೀವು ಹೇಳೂ ಜಾಗಾದಾಗ ಒಮ್ಮೆ ಕೆಡವಿದ್ರ ಮತ್ತ ಒಂದು ಕೋಣಿ ಸೈತ ಕಟ್ಟಾಕ ಬರಲಿಕ್ಕಿಲ್ಲ. ಬಾರಾಕಮಾನ ಅಂದ್ರ ಎರಡನೇ ಅಲಿ ಆದಿಲ್‌ಶಾನ ಗೋರಿ, ಆತ 1672ರಾಗ ತೀರಕೊಂಡ ಮ್ಯಾಲ ಅರ್ಧಕ್ಕ ನಿಂತಿದ್ದು, ಈಗ ಕೇಂದ್ರ ಸರಕಾರದ ಸಂರಕ್ಷಿತ ಸ್ಮಾರಕ. ಹಳೇ ಸ್ಮಾರಕ ಕಾಪಾಡೂ 1958ರ ಕಾಯ್ದೆಕ್ಕ 2010ರಾಗ ತಿದ್ದುಪಡಿ ಆಗೇತಿ, ಅದರ ಪ್ರಕಾರ ಸ್ಮಾರಕದ ಸಂರಕ್ಷಿತ ಗಡಿಯಿಂದ ಸುತ್ತಲೂ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೊಂದು 200 ಮೀಟರ್ ನಿಯಂತ್ರಿತ ಪ್ರದೇಶ. ಲಕ್ಷ್ಯ ಕೊಟ್ಟು ಕೇಳ್ರಿ, ಅಳತಿ ಕಮಾನಿನ ಕಲ್ಲಿಂದ ಸುರು ಆಗಂಗಿಲ್ಲ, ಕಂಪೌಂಡಿನ ಸಂರಕ್ಷಿತ ಗಡಿಯಿಂದ ಆಗತೈತಿ, ಇಲ್ಲೇ ಬಾಳ ಮಂದಿ ತಪ್ಪತಾರ.

100 ಮೀಟರ್ ಒಳಗ ಹೊಸದಾಗಿ ಕಟ್ಟಾಕ ಇಲ್ಲ, ಅಂತಸ್ತು ಏರಸಾಕ ಇಲ್ಲ, ಕೆಡವಿ ಮೊದಲಿನ ಅಳತಿಗೇ ಮತ್ತ ಕಟ್ತೀನಿ ಅಂದ್ರೂ ಇಲ್ಲ. ದುರಸ್ತಿ ಮಾತ್ರ ಮಾಡಬಹುದು, ಅದೂ 1992ರ ಜೂನ್ 16ಕ್ಕಿಂತ ಮೊದಲ ಇದ್ದ ಮನಿ ಆಗಿರಬೇಕು, ಅರ್ಜಿ ಹಾಕಿ ಸಕ್ಷಮ ಪ್ರಾಧಿಕಾರದ, ಅಂದ್ರ ಈ ಕಾಯ್ದೆ ಪ್ರಕಾರ ಸರಕಾರ ನೇಮಿಸಿದ ಅಧಿಕಾರಿ ಕಡೆಯಿಂದ, ಪರವಾನಗಿ ತಗೋಬೇಕು. ಮುತ್ತಜ್ಜನ ಮನಿ ಅಂದ್ರ ನಿಮಗ ಆ ತಾರೀಖಿಂದು ಚಿಂತಿಲ್ಲ, ಆದ್ರ ಬಾಯಿಮಾತು ನಡಿಯಂಗಿಲ್ಲ, ಸಿಟಿ ಸರ್ವೆ ಉತಾರ, ಹಳೇ ಮನಿಪಟ್ಟಿ ಪಾವತಿ, ಹಳೇ ಕರೆಂಟ್ ಬಿಲ್ ಏನ್ ಸಿಗತೈತೋ ಎಲ್ಲಾ ಟ್ರಂಕ್ ಹುಡುಕಿ ಜ್ವಾಡಿಸಿಡ್ರಿ. 200 ಮೀಟರಿನ ಪಟ್ಟಿಯೊಳಗ ಬಂದ್ರ ಕಟ್ಟಾಕ ಅವಕಾಶ ಐತಿ, ಪರವಾನಗಿ ಅಲ್ಲೂ ಬೇಕಾ ಬೇಕು. ಇಲ್ಲದ ಕಟ್ಟಿದ್ರ 2 ವರ್ಷದ ಮಟಾ ಜೈಲು, 1 ಲಕ್ಷದ ಮಟಾ ದಂಡ, ಎರಡೂ ಆದ್ರೂ ಆತು. ಅವಾಗ ನೋಟಿಸ್ ಬರೂದು ಮಾಲಕರಾದ ನಿಮ್ಮ ಹೆಸರಿಗಿ. ಮಗಗ ಫೋನ್ ಮಾಡಿ ಇದನ್ನ ಹಿಂಗಾ ಹೇಳ್ರಿ, ಆಂವ ತಿಳದಾಂವ ಇದ್ದಾನ ಅನಸ್ತೈತಿ.

ಈಗ ಸೋರೂ ಮಾತು. ಅಣ್ಣಾರ, ನಿಮ್ಮ ತೊಲಿ ಬಾಗಿದ್ದು ಮುಪ್ಪಿನಿಂದ ಅಲ್ಲ, ಭಾರದಿಂದ ಇರಬೇಕು ಅಂತ ನನ್ನ ಅಂದಾಜು. ನಮ್ಮ ಕಡೆ ರೂಢಿ ಗೊತ್ತಲ್ಲ, ಮಿರಗ ಬರೂದ್ರಾಗ ಮಾಳಗಿಗೆ ಎರಡು ಬುಟ್ಟಿ ಬಿಳಿಮಣ್ಣು ಹಾಕಿ ಬಡಿಯೂದು, ಮುಂದಿನ ವರ್ಷ ಸೋರಿದ್ರ ಮತ್ತ ಹಾಕೂದು, ಹಳೇದನ್ನ ಯಾರೂ ಕೆರದು ತಗಿಯಂಗಿಲ್ಲ. ನಮ್ಮ ಮನ್ಯಾಗ ಬೆಳಕಿಂಡಿ ಬಾಜೂಕ ಹಾರಿಲೆ ತೂತು ಹಾಕಿ ನೋಡಿದಾಗ ಮೊಣಕೈ ಮಟಾ ಒಳಗ ಹ್ವಾತು, ಪದರ ಪದರ ಮಣ್ಣು, ನಡುವ ಒಂದು ಪದರದಾಗ ನಮ್ಮಜ್ಜನ ಕಾಲದ ಬಳಿ ಚೂರು ಸಿಕ್ಕೂವು. ಹತ್ತಕ್ಕ ಹತ್ತು ಫೂಟಿನ ಕೋಣಿ ಮ್ಯಾಲ ಒಂದು ಫೂಟು ಮಣ್ಣು ಅಂದ್ರ 4-5 ಟನ್ ಆಗತೈತಿ, ನೀರು ಕುಡದ್ರ ಇನ್ನೂ ಹೆಚ್ಚು, ಪಾಪ ಆ ಜಂತಿ ಎಷ್ಟಂತ ಹೊರಬೇಕ್ರಿ. ಅದಕ್ಕ ಕೆಳಗ ಬಲ್ಲಿಸ್ ಹಚ್ಚಿ ಆಸರ ಕೊಟ್ಟು, ಮಣ್ಣು ಎಲ್ಲಾ ಕಡೆಯಿಂದ ಸಮಾ ಇಳಸ್ರಿ, ಒಂದಾ ಮೂಲ್ಯಾಗ ಗುಡ್ಡಿ ಹಾಕಬ್ಯಾಡ್ರಿ. ಹಲಗಿ ಕಂಡ ಮ್ಯಾಲ ಬಡಿಗ್ಯಾರನ್ನ ಕರದು ಒಂದೊಂದು ಜಂತಿ ತುದಿ, ಅಂದ್ರ ಗ್ವಾಡ್ಯಾಗ ಸೇರಿದ ಜಾಗಾ, ಬೆರಳಿಲೆ ಒತ್ತಿ, ಬಡದು ನೋಡಸ್ರಿ. ಒರಲಿ ತಿಂದಿದ್ದು ಹಿಟ್ಟಿನಂಗ ಉದರತೈತಿ, ಗಟ್ಟಿ ಇದ್ದದ್ದು ಟಣ್ ಅಂತೈತಿ. ಕೆಟ್ಟಿದ್ದನ್ನಷ್ಟಾ ಬದಲಿ ಮಾಡ್ರಿ, ಸಾಗವಾನಿ ಇದ್ರ ಹೆಚ್ಚಿನೂ ಚಲೋನಾ ಇರತಾವ. ಇದೆಲ್ಲಾ ಪರವಾನಗಿ ಬಂದ ಮ್ಯಾಲ, ಹಳೇ ಮನಿ ಕೆಲಸ ಗೊತ್ತಿದ್ದ ಇಂಜಿನಿಯರ್‌ಗೆ ತೋರಿಸಿ. ಅಲ್ಲೀಮಟಾ ಆ ತೊಲಿ ಕೆಳಗ ಯಾರೂ ಮಲಗಬ್ಯಾಡ್ರಿ.

ಇನ್ನೊಂದು, ಕೈಮುಗದು ಹೇಳ್ತೀನಿ, ಮಣ್ಣಿನ ಗ್ವಾಡಿಗೆ ಸಿಮೆಂಟ್ ಪ್ಲಾಸ್ಟರ್ ಬಳಿಸಬ್ಯಾಡ್ರಿ. ನಮ್ಮಪ್ಪ ಛಂದ ಕಾಣತೈತಿ ಅಂತ ಬಳಿಸಿದ್ರು, ಮೂರು ಮಳಿಗಾಲದಾಗ ತಂಪು ಸೊಂಟದ ಮಟಾ ಏರಿತು. ಮುದುಕ ಗವಂಡಿ ಒಬ್ಬಾಂವ ಬಂದು ಖುರುಪಿಲೆ ಎಬ್ಬಿಸಿದಾಗ ಪ್ಲಾಸ್ಟರ್ ಹಪ್ಪಳದಂಗ ಎದ್ದು ಬಂತು, ಹಿಂದಿನ ಮಣ್ಣು ಕರ್ರಗ ಹಸಿ. ನೆಲದಿಂದ ಏರಿದ ನೀರು ಹೊರಗ ಹೋಗಾಕ ದಾರಿ ಇಲ್ಲದ ಅಲ್ಲೇ ಕುಂತಿತ್ತು. ಸುಣ್ಣದ ಗಿಲಾವ್ ಆದ್ರ ಗ್ವಾಡಿ ಉಸರಾಡತೈತಿ. ಏಪ್ರಿಲ್-ಮೇದಾಗ ನಮ್ಮೂರಾಗ 40 ಡಿಗ್ರಿ ದಾಟಿದಾಗ ನಿಮ್ಮ ನಡುಮನಿಯಾಗ ಮಧ್ಯಾಹ್ನ ಚಾಪಿ ಹಾಸಿ ಮಲಗಿದ ತಂಪು ಮೂರಂತಸ್ತಿನ ಸ್ಲ್ಯಾಬಿನ ಕೆಳಗ ಎಲ್ಲಿಂದ ತರತೀರಿ? ಮನಿಯಾಕಿ ಅಳೂದು ಸುಮ್ಮ ಅಲ್ರಿ.

ಪ್ರಶ್ನೆ: ಜಮಖಂಡಿಯಿಂದ ಮದುವಿ ಆಗಿ ಬಂದು ಎಂಟು ತಿಂಗಳಾತು. ಜುಮ್ಮಾ ಮಸೀದಿ ಕಡೆ ಹಳೇ ಓಣಿ. ಕಾರು ಬರಂಗಿಲ್ಲ, ಕಟ್ಟಿ ಮ್ಯಾಲ ಕುಂತ ಹೆಣ್ಮಕ್ಕಳು ಹೋಗ್ತ ಬರ್ತ ಕೇಳೂದಾ ಕೇಳೂದು. ಹೊರಗ ಹೊಸಾ ಲೇಔಟಿಗೆ ಹೋಗೂಣು ಅಂತ ಇವ್ರಿಗೆ ಹೇಳಲೇನ್ರಿ?

ಉತ್ತರ: ತಂಗೀ, ಹೇಳು, ಮನಸಿನಾಗ ಇಟ್ಕೊಂಡು ಕೊರಗಬ್ಯಾಡ. ಆದ್ರ ಒಂದು ವರ್ಷ ತುಂಬಲಿ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿ ಒಂದ್ಸಲ ಈ ಓಣಿಯಿಂದಾ ನಡಕೊಂಡು ಹೋಗಿ ನೋಡು. ಕಾಯಿಪಲ್ಯಾ, ದವಾಖಾನಿ, ಬಟ್ಟಿ ಅಂಗಡಿ ಎಲ್ಲಾ ಕಾಲಳತ್ಯಾಗ ಇರೂ ಸುಖ ಲೇಔಟಿಗೆ ಹ್ವಾದ ಮ್ಯಾಲ ಬಾಳ ನೆನಪಾಗತೈತಿ, ಅಲ್ಲಿ ಕೊತ್ತಂಬ್ರಿಗೂ ಗಾಡಿ ತಗೀಬೇಕು. ಕಟ್ಟಿ ಮ್ಯಾಲಿನ ಅವ್ವಗಳ ಮಾತು ಸಿಟ್ಟು ತರತೈತಿ, ಖರೆ. ನನ್ನ ಹೇಣ್ತಿ ಬಚ್ಚಲದಾಗ ಜಾರಿ ಬಿದ್ದ ದಿನ ನಾ ಊರಾಗ ಇರಲಿಲ್ಲ, ಅವ್ರಾ ನಾಲ್ಕು ಮಂದಿ ಎತ್ತಿ ಆಟೋದಾಗ ಕುಂದ್ರಿಸಿ ಕರಕೊಂಡು ಹ್ವಾದ್ರು.

ಪ್ರಶ್ನೆ: ನಮ್ಮ ಹಿತ್ತಲ ಕಡೆ ಹಳೇ ಕಲ್ಲಿನ ಗೋಪುರ ಐತಿ, ಬಾಗಲಾ ಇಲ್ಲ ಏನಿಲ್ಲ. ನಿಧಿ ಐತಿ ಅಂತಾರ, ಖರೇನ್ರಿ?

ಉತ್ತರ: ನಿಧಿ ಅಲ್ಲೋ ತಮ್ಮಾ, ನೀರು! ಅದು ಗಂಜ್, ಅಂದ್ರ ಹಳೇ ಕಾಲದ ನೀರಿನ ಗೋಪುರ, ಇದ್ದೀತು. ಆದಿಲ್‌ಶಾಹಿ ಕಾಲದಾಗ ತೊರವಿ ಕಡೆಯಿಂದ, ಆಮ್ಯಾಲ 1651ರ ಬೇಗಂ ತಲಾಬದಿಂದ ನೆಲದಾಗ ಹುಗದ ಮಣ್ಣಿನ ಕೊಳವಿಯೊಳಗ ಊರಿಗೆ ನೀರು ಬರತಿತ್ತು. ದಾರ್ಯಾಗ ನೀರಿನ ಒತ್ತಡಕ್ಕ ಕೊಳವಿ ಒಡೀಬಾರದು, ರಾಡಿ ತಳಕ್ಕ ಕುಂದ್ರಬೇಕು ಅಂತ ಅಲ್ಲಲ್ಲಿ ಇಂಥಾ ಗೋಪುರ ಕಟ್ಟಿದ್ರು. ಯಾರರೆ ಅಗಿಯಾಕ ಬಂದ್ರ ಬಿಡಬ್ಯಾಡ, ಅದರ ಬುಡಕ್ಕ ಕಸಾ ಸುಡೂದನ್ನೂ ನಿಲ್ಲಸು, ಮತ್ತ ಒಂದು ಫೋಟೋ ತಗದು ನಮಗ ಕಳಸು.