ನೀವು ಕೇಳಿದಿರಿ: ಸಂಶೋಧನಾ ಅನುದಾನದ ಅರ್ಜಿ ಎಲ್ಲಿ ಎಡವುತ್ತದೆ?

ಪ್ರಶ್ನೆ: ‘ಕಲಬುರಗಿ ಜಿಲ್ಲೆಯ ಲಂಬಾಣಿಗರ ಸಂಸ್ಕೃತಿ: ಒಂದು ಅಧ್ಯಯನ’ ಎಂದು ಎರಡು ಸಲ ಅರ್ಜಿ ಹಾಕಿದೆ. ಎರಡೂ ಸಲ ತಿರಸ್ಕಾರವಾಯಿತು. ‘ವ್ಯಾಪ್ತಿ ಬಹಳ ದೊಡ್ಡದು’ ಎಂಬ ಒಂದೇ ಸಾಲಿನ ಷರಾ ಬಂದಿದೆ. ತಾಂಡಾಗಳನ್ನು ಹತ್ತಕ್ಕೆ ಇಳಿಸಿದರೆ ಸಾಕೇ ಸರ್?
– ಪಿಎಚ್.ಡಿ. ವಿದ್ಯಾರ್ಥಿ, ಚಿತ್ತಾಪುರ

ಉತ್ತರ: ಸಾಲದು. ಒಂದೇ ತಾಂಡಾಕ್ಕೆ ಇಳಿಸಿದರೂ ಅದೇ ಷರಾ ಬರುತ್ತದೆ. ನಿಮ್ಮ ಅರ್ಜಿಯಲ್ಲಿ ವಿಷಯವಿದೆ, ಪ್ರಶ್ನೆ ಇಲ್ಲ. ಮಾನವಶಾಸ್ತ್ರದ ಅರ್ಜಿ ಓದುವವರು ‘ಇವರಿಗೆ ಏನು ಗೊತ್ತಿಲ್ಲ, ಅದನ್ನು ತಿಳಿಯಲು ಅಲ್ಲೇ ಹೋಗಿ ಇರಬೇಕೇಕೆ’ ಎಂದು ಹುಡುಕುತ್ತಾರೆ. ಉಡುಗೆ, ಹಬ್ಬ, ಮದುವೆ, ಭಾಷೆ ಎಂದು ಅಧ್ಯಾಯ ಹಂಚಿಟ್ಟರೆ ಅದು ಗೆಜೆಟಿಯರ್ (ಜಿಲ್ಲೆಯ ಮಾಹಿತಿಕೋಶ) ಆಗುತ್ತದೆ.

ಒಂದು ಉದಾಹರಣೆ ನೋಡಿ. ತೊಗರಿ ರಾಶಿ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿ ಪುಣೆ, ಮುಂಬೈ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತವೆ. ತಾಂಡಾದ ವ್ಯಾಜ್ಯ ಬಗೆಹರಿಸುವವರು ನಾಯಕ, ಅವನ ಸಹಾಯಕ ಕಾರಭಾರಿ ಮತ್ತು ಹಿರಿಯ ಸಲಹೆಗಾರ ಡಾವೊ. ಹಾಗಾದರೆ ವರ್ಷದ ಅರ್ಧ ಭಾಗ ಊರಲ್ಲೇ ಇರದವರ ಮೇಲೆ ಇವರ ಮಾತು ನಡೆಯುವುದು ಹೇಗೆ? ದಂಡವನ್ನು ಫೋನಿನಲ್ಲೇ ಹೇರುತ್ತಾರೋ, ತೀಜ್ ಹಬ್ಬಕ್ಕೆ ಊರಿಗೆ ಬರುವವರೆಗೆ ಕಾಯುತ್ತಾರೋ? ಇದು ಪ್ರಶ್ನೆ. ಇದರಿಂದಲೇ ಉಳಿದದ್ದು ಹುಟ್ಟುತ್ತದೆ: ಒಂದು ತಾಂಡಾ, ಅದೇ ತಾಂಡಾದವರು ಇರುವ ಪುಣೆಯ ಒಂದು ಶೆಡ್ಡು, ಎರಡೂ ಕಡೆ ನೀವು ಇರಬೇಕಾದ ತಿಂಗಳುಗಳು, ಕೂತು ನೋಡಬೇಕಾದ ಪಂಚಾಯಿತಿಗಳು.

ಕ್ಯಾಲೆಂಡರಿನ ತಪ್ಪೂ ಇಲ್ಲೇ ಆಗುತ್ತದೆ. ‘ಕ್ಷೇತ್ರಕಾರ್ಯ: ಫೆಬ್ರವರಿಯಿಂದ ಮೇ’ ಎಂದು ಬರೆದರೆ ತಾಂಡಾದಲ್ಲಿ ನಿಮಗೆ ಸಿಗುವವರು ಮುದುಕರು ಮತ್ತು ಮಕ್ಕಳು. ಜಾತ್ರೆ, ಉರುಸು ನೋಡಬೇಕಾದವರೂ ಹೀಗೇ ಲೆಕ್ಕ ಹಾಕಬೇಕು. ಯಾದಗಿರಿಯ ಮೈಲಾಪುರ ಜಾತ್ರೆ ಸಂಕ್ರಾಂತಿಗೆ. ತಪ್ಪಿದರೆ ಮತ್ತೆ ಒಂದು ವರ್ಷ. ಬಂದೇ ನವಾಜ್ ಉರುಸು, ಮೊಹರಂ ಚಾಂದ್ರಮಾನದವು, ಪ್ರತಿ ವರ್ಷ ಸುಮಾರು 11 ದಿನ ಮುಂಚೆಯೇ ಬರುತ್ತವೆ. ಅರ್ಜಿ ಹಾಕುವ ವರ್ಷದ ತಾರೀಕನ್ನಲ್ಲ, ಕ್ಷೇತ್ರಕ್ಕೆ ಹೋಗುವ ವರ್ಷದ ತಾರೀಕನ್ನು ಬರೆಯಿರಿ.

ಪ್ರಶ್ನೆ: ನೆಟ್ (ಅಧ್ಯಾಪಕ ಅರ್ಹತಾ ಪರೀಕ್ಷೆ) ಪಾಸಾಗಿದೆ, ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದಿಲ್ಲ. ಬೇರೆ ಎಲ್ಲಿ ಅರ್ಜಿ ಹಾಕಬಹುದು? ವಿದೇಶಿ ಅನುದಾನ ನಮ್ಮಂಥವರಿಗೆ ಸಿಗುತ್ತದೆಯೇ?
– ಹುಮನಾಬಾದ್

ಉತ್ತರ: ವಯೋಮಿತಿ ದಾಟಿರದಿದ್ದರೆ ಜೆಆರ್‌ಎಫ್‌ಗೆ ಇನ್ನೊಂದು ಸಲ ಕೂರಿ. 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದ ಮೇಲೆ 42,000. ಇಷ್ಟು ನಿಯಮಿತವಾದ ಹಣ ಬೇರೆ ಕಡೆ ಅಪರೂಪ. ಎರಡನೆಯದು ದೆಹಲಿಯ ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ). ಪಿಎಚ್.ಡಿ. ಫೆಲೋಶಿಪ್ಪೂ ಇದೆ, ಅಧ್ಯಾಪಕರಿಗೆ ಸಂಶೋಧನಾ ಯೋಜನೆಗಳೂ ಇವೆ. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಹೈದರಾಬಾದಿನ ಉಸ್ಮಾನಿಯಾ ಆವರಣದಲ್ಲಿದೆ. ಬೀದರ್‌ನವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ.

ವಿದೇಶಿ ಪೈಕಿ ಮೊದಲು ನೋಡಬೇಕಾದದ್ದು ನ್ಯೂಯಾರ್ಕಿನ ವೆನ್ನರ್-ಗ್ರೆನ್ ಪ್ರತಿಷ್ಠಾನ. 1941ರಲ್ಲಿ ಶುರುವಾದ ಇದು ಮಾನವಶಾಸ್ತ್ರಕ್ಕಷ್ಟೇ ಹಣ ಕೊಡುತ್ತದೆ. ಪಿಎಚ್.ಡಿ. ಕ್ಷೇತ್ರಕಾರ್ಯಕ್ಕೆ ಗರಿಷ್ಠ 25,000 ಡಾಲರ್. ಯಾವ ದೇಶದ ವಿದ್ಯಾರ್ಥಿಯೂ ಅರ್ಜಿ ಹಾಕಬಹುದು. ಬೋಧನಾ ಶುಲ್ಕಕ್ಕೆ, ಸಂಸ್ಥೆಯ ಓವರ್‌ಹೆಡ್‌ಗೆ (ಆಡಳಿತ ವೆಚ್ಚಕ್ಕೆ) ಕಾಸು ಕೊಡುವುದಿಲ್ಲ. ಕೊನೆಯ ದಿನ ಮೇ 1 ಮತ್ತು ನವೆಂಬರ್ 1. ಮೇನಲ್ಲಿ ಹಾಕಿದವರು ಮುಂದಿನ ವರ್ಷ ಜನವರಿ–ಜೂನ್ ನಡುವೆ, ನವೆಂಬರಿನವರು ಮುಂದಿನ ವರ್ಷ ಜುಲೈ–ಡಿಸೆಂಬರ್ ನಡುವೆ ಕೆಲಸ ಶುರು ಮಾಡಬೇಕು. ಮೇಲಿನ ಜಾತ್ರೆಯ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ: ಮೇ ಸರದಿಯಲ್ಲಿ ಗೆದ್ದು ಸಂಕ್ರಾಂತಿಗೆ ಮೈಲಾಪುರದಲ್ಲಿರಬೇಕೆಂದರೆ ಕೈಯಲ್ಲಿ ಹದಿನೈದು ದಿನವೂ ಉಳಿಯುವುದಿಲ್ಲ. ನವೆಂಬರ್ ಸರದಿಯೇ ಒಳ್ಳೆಯದು. ಸಂಶೋಧನೆಯ ನೈತಿಕತೆ ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೈಸೇರದೆ ಹಣ ಬಿಡುಗಡೆಯಾಗದು. ಆ ಸಮಿತಿ ನಿಮ್ಮಲ್ಲಿ ಎಷ್ಟು ತಿಂಗಳಿಗೊಮ್ಮೆ ಕೂರುತ್ತದೆಂದು ಮೊದಲೇ ವಿಚಾರಿಸಿ.

‘ಪರಿಚಯದ ಎನ್‌ಜಿಒ ಖಾತೆಗೆ ಹಾಕಿಸಿ, ಅಲ್ಲಿಂದ ತೆಗೆದುಕೊಂಡರಾಯಿತು’ ಎನ್ನುವವರು ಎಲ್ಲೆಡೆ ಸಿಗುತ್ತಾರೆ. ಬೇಡವೇ ಬೇಡ. ವಿದೇಶಿ ದೇಣಿಗೆಯನ್ನು ಪಡೆದವರು ಇನ್ನೊಬ್ಬರಿಗೆ ವರ್ಗಾಯಿಸುವುದನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿ ನಿಷೇಧಿಸಿದೆ. ವಿ.ವಿ.ಯ ಹಣಕಾಸು ಅಧಿಕಾರಿಯನ್ನು ಅರ್ಜಿಗೆ ಮೊದಲೇ ಕಾಣಿರಿ, ಲಿಖಿತ ಉತ್ತರ ಪಡೆಯಿರಿ.

ಪ್ರಶ್ನೆ: ನಾನು ವಿ.ವಿ.ಯವನಲ್ಲ. ಇಪ್ಪತ್ತು ವರ್ಷದಿಂದ ಮೊಹರಂ ಪದ, ಗೊಂದಲಿಗರ ಹಾಡು ಸಂಗ್ರಹಿಸುತ್ತಿದ್ದೇನೆ. ನನಗೆ ಯಾರಾದರೂ ಕೊಡುತ್ತಾರೆಯೇ?
– ಸುರಪುರ

ಉತ್ತರ: ಕೊಡುತ್ತಾರೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್ ಎರಡು ವರ್ಷದ್ದು. 25ರಿಂದ 40 ವಯಸ್ಸಿನವರಿಗೆ ಜೂನಿಯರ್, ತಿಂಗಳಿಗೆ 10,000. 40 ದಾಟಿದವರಿಗೆ ಸೀನಿಯರ್, 20,000. ಹಣ ತಿಂಗಳಿಗೊಮ್ಮೆ ಬರುವುದಿಲ್ಲ, ಆರು ತಿಂಗಳ ಕಂತು. ವರದಿ ತಡವಾದರೆ ಕಂತೂ ತಡ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕನ್ನಡದಲ್ಲಿ ಬರೆದ ಪ್ರಸ್ತಾವವನ್ನೂ ಸ್ವೀಕರಿಸುತ್ತದೆ. ‘ಇನ್ನಷ್ಟು ಸಂಗ್ರಹಿಸುತ್ತೇನೆ’ ಎನ್ನಬೇಡಿ. ಈಗಾಗಲೇ ಇರುವ ಕ್ಯಾಸೆಟ್ಟುಗಳಿಂದ ಯಾವ ಪ್ರಶ್ನೆ ಎದ್ದಿದೆ ಎಂದು ಬರೆಯಿರಿ. ಸರ್ಕಾರಿ ನೌಕರರಾಗಿದ್ದರೆ ಇಲಾಖೆಯ ಅನುಮತಿ ಮೊದಲು.

ಪ್ರಶ್ನೆ: ಬಿದರಿ ಕೆಲಸಗಾರರ ಅಧ್ಯಯನಕ್ಕೆ ಬಜೆಟ್ ಬರೆಯುತ್ತಿದ್ದೇನೆ. ಪ್ರಯಾಣ, ಕ್ಯಾಮೆರಾ, ಪುಸ್ತಕ ಬಿಟ್ಟು ಏನು ಮರೆತಿದ್ದೇನೆ?
– ಉಪನ್ಯಾಸಕಿ, ಬೀದರ್

ಉತ್ತರ: ಎಲ್ಲರೂ ಮರೆಯುವುದನ್ನೇ: ಬರಹಕ್ಕಿಳಿಸುವ ಖರ್ಚು. 40 ಸಂದರ್ಶನ, ತಲಾ ಒಂದೂವರೆ ಗಂಟೆ ಅಂದರೆ 60 ಗಂಟೆಯ ಧ್ವನಿಮುದ್ರಣ. ಒಂದು ಗಂಟೆಯ ದಖನಿ (ನಮ್ಮ ಕಡೆಯ ಉರ್ದು) ಮಾತನ್ನು ಬರಹಕ್ಕಿಳಿಸಲು ಆರು ಗಂಟೆ, ಅನುವಾದಕ್ಕೆ ಇನ್ನೂ ನಾಲ್ಕು ಗಂಟೆ ಎಂದಿಟ್ಟುಕೊಳ್ಳಿ. ಒಟ್ಟು 600 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ 75 ದಿನದ ಕೂಲಿ. ಇದನ್ನು ‘ಇತರೆ’ ಕಲಮಿಗೆ ತುರುಕಿದರೆ ಕೊನೆಯಲ್ಲಿ ನೀವೇ ರಾತ್ರಿ ಕೂತು ಟೈಪ್ ಮಾಡಬೇಕಾಗುತ್ತದೆ.

ಬೆಳ್ಳಿ ತಂತಿ ಕೂರಿಸುವ ಹೊತ್ತಿನ ಸುತ್ತಿಗೆಯ ಟಕಟಕ ಫೋನಿನ ಮೈಕಿನಲ್ಲಿ ಮಾತನ್ನು ನುಂಗಿಬಿಡುತ್ತದೆ. ಕಾಲರ್ ಮೈಕ್ ಬೇಕು. ಕೈ ನಿಲ್ಲಿಸಿ ಮಾತಾಡಿ ಎಂದರೆ ಅಷ್ಟು ಹೊತ್ತಿನ ದುಡಿಮೆ ಹೋಯಿತು. ಅದರ ಗೌರವಧನವನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ, ಕೊಡುವ ರೀತಿಯನ್ನು ನೈತಿಕ ಸಮಿತಿಯ ಅರ್ಜಿಯಲ್ಲೂ ಬರೆಯಿರಿ. ಆಟೊ, ಚಹಾಕ್ಕೆ ಬಿಲ್ ಸಿಗದು. ಅಂದಂದೇ ತಾರೀಕು, ಎಲ್ಲಿಂದ ಎಲ್ಲಿಗೆ, ಎಷ್ಟು ಎಂದು ವೋಚರ್ ಬರೆದು ಸಹಿ ಹಾಕಿ. 5,000 ರೂಪಾಯಿ ಮೀರಿದ ನಗದು ರಸೀದಿಗೆ ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪು ಅಂಟಿಸಬೇಕು. ಸರ್ಕಾರಿ ಅನುದಾನದ ಬಳಕೆ ಪ್ರಮಾಣಪತ್ರವನ್ನು ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿ ಕೊಡಬೇಕು. ಆಡಿಟ್ ಆಕ್ಷೇಪ ಹೆಚ್ಚಾಗಿ ಹುಟ್ಟುವುದು ಒಂದು ಕಲಮಿನ ಹಣವನ್ನು ಕೇಳದೆ ಇನ್ನೊಂದಕ್ಕೆ ಹಾಕಿದಾಗ.

ಸಂದರ್ಶನ ಕೊಡುವವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುವಾಗಲೂ ಎಚ್ಚರ. ಕಾಗದ, ಹೆಬ್ಬೆಟ್ಟು ಎಂದರೆ ನಮ್ಮ ಕಡೆ ಸಾಲ, ಹೊಲ ನೆನಪಾಗುತ್ತದೆ. ಓದಿ ಹೇಳಿ, ಒಪ್ಪಿಗೆಯನ್ನು ಧ್ವನಿಯಲ್ಲೇ ದಾಖಲಿಸಲು ಸಮಿತಿಯಿಂದ ಮೊದಲೇ ಅನುಮತಿ ಪಡೆಯಿರಿ.

ಪ್ರಶ್ನೆ: ಎರಡು ಹಾರ್ಡ್ ಡಿಸ್ಕ್ ಕೇಳಿದ್ದಕ್ಕೆ ಗೈಡ್ ಒಂದನ್ನು ಹೊಡೆದು ಹಾಕಿದರು. ಸರಿಯೇ?
– ಆಳಂದ

ಉತ್ತರ: ಸರಿಯಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಸಂಸ್ಕರಿಸಿ ಮೂರು ಪ್ರತಿ ಮಾಡಿಟ್ಟಿದ್ದರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೋಣೆಗೆ ಬೆಂಕಿ ಬಿದ್ದಾಗ ಮೂರೂ ಅಲ್ಲೇ ಇದ್ದವು. ಎರಡು ಡಿಸ್ಕ್ ಕೇಳಿ, ಒಂದು ಆಳಂದದಲ್ಲಿ, ಇನ್ನೊಂದು ಕಲಬುರಗಿಯಲ್ಲಿ ಇರುತ್ತದೆ ಎಂದು ಬಜೆಟ್ ಸಮರ್ಥನೆಯಲ್ಲೇ ಬರೆಯಿರಿ.